ಎರಡು ನೌಕೆಯ ಮೇಲೆ ಕಾಲಿಟ್ಟು

ಇಪ್ಪತ್ತೆರಡು ವರ್ಷದ ಹಿಂದೆ ಪುತ್ತೂರಿಗೆ ಹೆಣ್ಣು ನೋಡಲು ಹೋದ ನಾನು ಒಂದು ತಟ್ಟೆ ಸಜ್ಜಿಗೆ-ಬಜಿಲ್ ಮುಗಿಯುವಷ್ಟರಲ್ಲಿ ‘ಆಗಬಹುದು’ ಅಂದಿದ್ದೆ. ಅದಾಗಿ ಎಂಟು ವರ್ಷಕ್ಕೆ ಸೈಟು ಕೊಳ್ಳಲು ಒಪ್ಪಿದಾಗ ದಲ್ಲಾಳಿ ಇನ್ನೂ ಬೈಕಿನಿಂದ ಇಳಿದಿರಲಿಲ್ಲ. ಅಂಥವನು ಈಗ ಹನ್ನೊಂದು ದಿನದಿಂದ ಎರಡು ವಿಡಿಯೊ ಗೇಮ್ ಎದುರಿಟ್ಟುಕೊಂಡು ಯಾವುದನ್ನು ಕೊಳ್ಳಲಿ ಎಂದು ತಿಣುಕುತ್ತಿದ್ದೇನೆ. ಎರಡನ್ನೂ ಕೊಂಡರೂ, ರಿಯಾಯಿತಿ ಕಳೆದರೆ, ನಮ್ಮ ಮನೆಯವರೆಲ್ಲ ಒಂದು ಭಾನುವಾರ ಹೋಟೆಲಿಗೆ ಹೋಗಿ ಬರುವ ಖರ್ಚಿಗಿಂತ ಕಡಿಮೆಯೇ ಆಗುತ್ತದೆ. ಸಾಲದ್ದಕ್ಕೆ ಇವನ್ನು ಮಾರುವ ಸ್ಟೀಮ್ ಎಂಬ ಅಂಗಡಿಯಲ್ಲಿ, ಕೊಂಡು ಹದಿನಾಲ್ಕು ದಿನ ದಾಟಿರದಿದ್ದರೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೊಡುತ್ತಾರೆ. ಮದುವೆಗೂ ಸೈಟಿಗೂ ಈ ಸೌಲಭ್ಯ ಇರಲಿಲ್ಲ.

ಅಳಿಸಿ ಬರೆಯಬಹುದಾದ ನಿರ್ಧಾರವೊಂದನ್ನು ಹನ್ನೊಂದು ದಿನ ಎಳೆಯುವುದಕ್ಕೆ ವಿಶೇಷ ತರಬೇತಿ ಬೇಕು. ನನಗೆ ಅದು ಇದೆ. ನಾನು ಸರ್ಕಾರಿ ಕಚೇರಿಯೊಂದರ ಲೆಕ್ಕಪತ್ರ ಶಾಖೆಯಲ್ಲಿ ಅಧೀಕ್ಷಕ.

ಚಟ ಹತ್ತಿಸಿದವನು ಅಕ್ಕನ ಮಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರು. ಹಬ್ಬಕ್ಕೆ ಬಂದವನು ನನ್ನ ಲ್ಯಾಪ್‌ಟಾಪಿನಲ್ಲಿ ಇಸ್ಪೀಟು ಬಿಟ್ಟರೆ ಬೇರೇನೂ ಇಲ್ಲದ್ದನ್ನು ಕಂಡು ಮರುಗಿದ. “ಮಾಮ, ನಿಮಗೆ ಹೇಳಿ ಮಾಡಿಸಿದ ಎರಡು ಗೇಮ್ ಇವೆ. ಎರಡೂ ಹೆಚ್ಚುಕಮ್ಮಿ ಒಂದೇ. ಯಾವುದಾದರೂ ಒಂದು ತಗೊಳ್ಳಿ” ಅಂದು, ಹೆಸರು ಬರೆದುಕೊಟ್ಟು ಬಸ್ಸು ಹತ್ತಿದ. ‘ಯಾವುದಾದರೂ ಒಂದು’ ಎಂಬ ಮಾತನ್ನು ಲೆಕ್ಕಪತ್ರ ಶಾಖೆಯಲ್ಲಿ ಮೂವತ್ತು ವರ್ಷ ಕಳೆದವನಿಗೆ ಹೇಳಬಾರದು ಎಂಬುದು ಆ ಹುಡುಗನಿಗೆ ಗೊತ್ತಿಲ್ಲ.

ಒಂದರ ಹೆಸರು ‘ಎಫ್‌ಟಿಎಲ್: ಫಾಸ್ಟರ್ ದ್ಯಾನ್ ಲೈಟ್’, 2012ರದ್ದು. ಇನ್ನೊಂದು ‘ಕ್ರೈಯಿಂಗ್ ಸನ್ಸ್’, 2019ರದ್ದು. ಎರಡರಲ್ಲೂ ನೀವು ಒಂದು ಅಂತರಿಕ್ಷ ನೌಕೆಯ ಯಜಮಾನರು. ಎದುರಿಗೆ ನಕ್ಷತ್ರಗಳ ನಕಾಶೆ, ಅದರ ತುಂಬ ಚುಕ್ಕಿ. ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಹಾರುತ್ತ ಹೋಗಬೇಕು, ಹಾರಲು ಇಂಧನ ಬೇಕು, ಅದು ಯಾವಾಗಲೂ ಕಡಿಮೆ ಇರುತ್ತದೆ. ಯಾವ ಚುಕ್ಕಿಯಲ್ಲಿ ಏನಿದೆ ಎಂದು ಹೋಗುವ ತನಕ ತಿಳಿಯದು: ಒಂದು ಕಡೆ ಅಂಗಡಿ, ಇನ್ನೊಂದು ಕಡೆ ದರೋಡೆಕೋರ, ಮತ್ತೊಂದು ಕಡೆ ‘ಕಾಪಾಡಿ’ ಎಂದು ಕೂಗುವವನು, ಕಾಪಾಡಲು ಹೋದರೆ ಅವನೂ ದರೋಡೆಕೋರ. ಎರಡರಲ್ಲೂ ಚಲಾವಣೆಯ ನಾಣ್ಯ ಒಂದೇ. ಗುಜರಿ! ಮನುಷ್ಯಕುಲ ನಕ್ಷತ್ರಗಳಾಚೆ ಸಾಮ್ರಾಜ್ಯ ಕಟ್ಟಿ, ಬೆಳಕಿಗಿಂತ ವೇಗವಾಗಿ ಹಾರಿ, ಕೊನೆಗೆ ಬಂದು ನಿಂತದ್ದು ನಮ್ಮ ಬೀದಿಯಲ್ಲಿ ಪ್ರತಿ ಶನಿವಾರ ‘ಹಳೇ ಕಬ್ಬಿಣ, ಹಳೇ ಪೇಪರ್’ ಎಂದು ಕೂಗುತ್ತ ಬರುವವನ ಅರ್ಥಶಾಸ್ತ್ರಕ್ಕೆ. ನನಗೆ ಎರಡರ ಮೇಲೂ ಗೌರವ ಹುಟ್ಟಿದ್ದು ಅಲ್ಲಿಂದ.

ಎರಡರಲ್ಲೂ ನೀವು ಸಾಯುತ್ತೀರಿ. ಸತ್ತರೆ ಹಿಂದಿನ ಜಾಗಕ್ಕೆ ಮರಳುವಂತಿಲ್ಲ, ಮತ್ತೆ ಶುರುವಿನಿಂದ. ಈ ಜಾತಿಯ ಆಟಕ್ಕೆ ‘ರೋಗ್‌ಲೈಕ್’ ಎಂದು ಹೆಸರು.

“ರೋಗ ಲಾಯ್ಕಾ?” ಅಂದಳು ನಮ್ಮಾಕೆ, ಮೀನು ಹೆಚ್ಚುತ್ತಿದ್ದವಳು ಕತ್ತಿ ನಿಲ್ಲಿಸಿ. “ನಿಮ್ಮದು ಎಂತ ಕರ್ಮ ಮಾರಾಯ್ರೇ!”

ಅವಳಿಗೆ ವಿವರಿಸಲು ಹೊರಟು ನಾನೇ ಚರಿತ್ರೆಯ ಹೊಂಡಕ್ಕೆ ಬಿದ್ದೆ. 1980ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾಕ್ರೂಜ್‌ನಲ್ಲಿ ಮೈಕೆಲ್ ಟಾಯ್, ಗ್ಲೆನ್ ವಿಚ್‌ಮನ್ ಎಂಬ ಇಬ್ಬರು ಹುಡುಗರು ‘ರೋಗ್’ ಎಂಬ ಆಟ ಬರೆದರು; ಆಮೇಲೆ ಬರ್ಕ್ಲಿಯ ಕೆನ್ ಆರ್ನಾಲ್ಡ್ ಕೈ ಹಾಕಿದ. ಅದರಲ್ಲಿ ಚಿತ್ರವೇ ಇರಲಿಲ್ಲ. ಇಮೇಲ್ ವಿಳಾಸದ ನಡುವೆ ಬರುವ ಸುರುಳಿ ಚಿಹ್ನೆಯೇ ನಾಯಕ, ಇಂಗ್ಲಿಷ್ ಅಕ್ಷರಗಳೇ ರಾಕ್ಷಸರು. ನೆಲಮಾಳಿಗೆ ಪ್ರತಿ ಸಲವೂ ಬೇರೆ ಬೇರೆಯಾಗಿ ಹುಟ್ಟಿಕೊಳ್ಳುತ್ತಿತ್ತು, ಸತ್ತರೆ ಸತ್ತಂತೆಯೇ. ಮೂಲಗ್ರಂಥ ಇಷ್ಟೇ. ಆದರೆ ಮೂಲಗ್ರಂಥ ಇದ್ದಮೇಲೆ ಭಾಷ್ಯ ಬರದೆ ಇರುತ್ತದೆಯೆ? 2008ರಲ್ಲಿ ಬರ್ಲಿನ್ನಿನಲ್ಲಿ ಈ ಆಟಗಳನ್ನು ಕಟ್ಟುವವರದೊಂದು ಸಮ್ಮೇಳನ ಸೇರಿ, ಯಾವುದು ನಿಜವಾದ ರೋಗ್‌ಲೈಕ್ ಎಂದು ಲಕ್ಷಣ ನಿರೂಪಣೆ ಮಾಡಿತು. ಮುಖ್ಯ ಲಕ್ಷಣಗಳು ಇಷ್ಟು, ಗೌಣ ಲಕ್ಷಣಗಳು ಇಷ್ಟು. ಸಾವು ಶಾಶ್ವತವಾಗಿರಬೇಕು, ಲೋಕ ಪ್ರತಿ ಸಲ ಹೊಸದಾಗಿರಬೇಕು, ಆಟ ಚದುರಂಗದಂತೆ ಸರದಿಯ ಮೇಲೆ ನಡೆಯಬೇಕು, ಮನೆ ಮನೆ ಲೆಕ್ಕದಲ್ಲಿ ಚಲಿಸಬೇಕು ಇತ್ಯಾದಿ. ಇವುಗಳಲ್ಲಿ ಕೆಲವು ಇಲ್ಲದ, ಸತ್ತ ಮೇಲೂ ಒಂದಿಷ್ಟು ಆಸ್ತಿ ಉಳಿಸಿಕೊಳ್ಳುವ ಆಟಗಳು ‘ರೋಗ್‌ಲೈಟ್’. ಅಂದರೆ ಏಕಾದಶಿಗೆ ಉಪವಾಸ, ಆದರೆ ಅವಲಕ್ಕಿ ನಡೆಯುತ್ತದೆ ಎಂಬ ಪಂಗಡ.

ಬರ್ಲಿನ್ ಭಾಷ್ಯವನ್ನು ಹಿಡಿದು ಅಳೆದರೆ ನನ್ನ ಎರಡು ಅಭ್ಯರ್ಥಿಗಳೂ ಮಡಿವಂತರಲ್ಲ. ಎರಡರಲ್ಲೂ ಯುದ್ಧ ಸರದಿಯ ಮೇಲೆ ನಡೆಯುವುದಿಲ್ಲ, ಗಡಿಯಾರದ ಜೊತೆ ಓಡುತ್ತದೆ. ಬೇಕೆಂದಾಗ ನಿಲ್ಲಿಸಿ ಯೋಚಿಸಬಹುದು, ಅಷ್ಟೆ. ಎರಡೂ ಪಂಕ್ತಿಯಿಂದ ಎದ್ದು ಹೋಗಬೇಕಾದವೇ. ಈ ವಿಷಯದಲ್ಲಿ ಪಂಡಿತರು ಪರಸ್ಪರ ಬೈದುಕೊಂಡದ್ದನ್ನು ಓದುತ್ತ ನಾನು ಮೂರು ದಿನ ಕಳೆದೆ. ಒಂದು ನೌಕೆಯೂ ಹಾರಲಿಲ್ಲ.

ನಾಲ್ಕನೆಯ ದಿನ ತುಲನಾತ್ಮಕ ಪಟ್ಟಿ ತಯಾರಿಸಿದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸರ್ಕಾರಿ ಕಚೇರಿಗೆ ಒಂದು ಕುರ್ಚಿ ಬೇಕಾದರೆ ಯಾವ ಕುರ್ಚಿ ಚೆನ್ನಾಗಿದೆ ಎಂದು ಯಾರೂ ಕೂತು ನೋಡುವುದಿಲ್ಲ. ಮೂರು ಕೊಟೇಶನ್ ತರಿಸುತ್ತೇವೆ. ಮೂರನ್ನೂ ಅಡ್ಡಗೆರೆ ಉದ್ದಗೆರೆ ಹಾಕಿ ಪಕ್ಕ ಪಕ್ಕ ಬರೆದು, ಕನಿಷ್ಠ ದರದವನ ಕೆಳಗೆ ಗೆರೆ ಎಳೆದು ‘ಸೂಕ್ತ ಆದೇಶಕ್ಕಾಗಿ ಮಂಡಿಸಿದೆ’ ಎಂದು ಮೇಲಕ್ಕೆ ಕಳಿಸುತ್ತೇವೆ. ಇದರಲ್ಲಿ ಆರಿಸುವವನು ಯಾರು? ಗುಮಾಸ್ತ ಪಟ್ಟಿ ಮಾಡಿದ, ಆರಿಸಲಿಲ್ಲ. ಅಧೀಕ್ಷಕ ಪರಿಶೀಲಿಸಿದ, ಆರಿಸಲಿಲ್ಲ. ಸಾಹೇಬರು ‘ನಿಯಮಾನುಸಾರ ಕ್ರಮವಹಿಸಿ’ ಅಂದರು, ಅವರೂ ಆರಿಸಲಿಲ್ಲ. ನಾಳೆ ಕುರ್ಚಿಯ ಕಾಲು ಮುರಿದು ಯಾರಾದರೂ ಬಿದ್ದರೆ ಬಿದ್ದವನ ತಪ್ಪು. ರಾಜ್ಯದಲ್ಲಿ ಇದಕ್ಕೆಂದೇ 1999ರ ಪಾರದರ್ಶಕತೆಯ ಅಧಿನಿಯಮ ಇದೆ, ನಾನು ಅದನ್ನು ಗೌರವಿಸುತ್ತೇನೆ, ಪಿಂಚಣಿ ಇನ್ನೂ ಮಂಜೂರಾಗಿಲ್ಲ.

ನನ್ನ ಪಟ್ಟಿಗೆ ಬಂದ ತೊಡಕು ಒಂದೇ: ಕೊಟೇಶನ್ ಎರಡೇ ಇವೆ, ಮೂರು ಬೇಕು. ಹುಡುಕಿದಾಗ ಮೂರನೆಯದು ಸಿಕ್ಕಿತು: ‘ಇನ್‌ಟು ದ ಬ್ರೀಚ್’, 2018. ಯಾರದ್ದು ಎಂದು ನೋಡಿದರೆ ಎಫ್‌ಟಿಎಲ್ ಮಾಡಿದವರದೇ! ನನಗೆ ಕಣ್ಣಲ್ಲಿ ನೀರು ಬಂತು. ಒಬ್ಬನೇ ವ್ಯಾಪಾರಿ ಬೇರೆ ಬೇರೆ ಲೆಟರ್‌ಹೆಡ್ಡಿನಲ್ಲಿ ಕೊಟೇಶನ್ ಕೊಡುವ ಪದ್ಧತಿ ನಮ್ಮ ಜಿಲ್ಲಾ ಕೇಂದ್ರದಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆ. ಕಡತದಲ್ಲಿ ಸೇರಿಸಿದೆ. ಅದು ಭೂಮಿಯ ಮೇಲೆ ನಡೆಯುವ ಆಟ, ನೌಕೆಯೂ ಇಲ್ಲ, ಹಾಗಾಗಿ ತಾಂತ್ರಿಕವಾಗಿ ಅನರ್ಹ ಎಂದು ಷರಾ ಬರೆದೆ. ಮೂರನೇ ಕೊಟೇಶನ್ ಹುಟ್ಟುವುದೇ ಅನರ್ಹವಾಗುವುದಕ್ಕೆ.

ಕನಿಷ್ಠ ದರ ಎಫ್‌ಟಿಎಲ್‌ನದ್ದು. ಅಮೆರಿಕದಲ್ಲಿ ಅದರ ಪೂರ್ತಿ ಬೆಲೆ ಹತ್ತು ಡಾಲರ್, ಕ್ರೈಯಿಂಗ್ ಸನ್ಸ್‌ನದ್ದು ಇಪ್ಪತ್ತೈದು. ಕಡತ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಸ್ವಂತ ದುಡ್ಡು ನೋಡಿ. ಸ್ವಂತ ದುಡ್ಡಿನ ವಿಷಯದಲ್ಲಿ ನಾವು ಕನಿಷ್ಠ ದರವನ್ನು ನಂಬುವುದಿಲ್ಲ.

ಮೊದಲು ಎಫ್‌ಟಿಎಲ್‌ನ ಜಾತಕ. ಜಸ್ಟಿನ್ ಮಾ, ಮ್ಯಾಥ್ಯೂ ಡೇವಿಸ್ ಎಂಬಿಬ್ಬರು ಶಾಂಘೈನಲ್ಲಿ ದೊಡ್ಡ ಗೇಮ್ ಕಂಪನಿಯೊಂದರ ನೌಕರಿಯಲ್ಲಿದ್ದವರು, ಬಿಟ್ಟು ಹೊರಬಂದು ತಮಗೆ ಬೇಕಾದ ಆಟ ತಾವೇ ಮಾಡಿಕೊಳ್ಳಲು ಕೂತರು. 2012ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ಜೋಳಿಗೆ ಹಿಡಿದು ಹತ್ತು ಸಾವಿರ ಡಾಲರ್ ಕೇಳಿದರು, ಎರಡು ಲಕ್ಷಕ್ಕೂ ಮೇಲೆ ಬಂದು ಬಿತ್ತು. ಕೇಳಿದ್ದಕ್ಕಿಂತ ಇಪ್ಪತ್ತು ಪಟ್ಟು ಅನುದಾನ ಬಂದರೆ ನಮ್ಮಲ್ಲಾದರೆ ಮೊದಲು ಸಲಹಾ ಸಮಿತಿ, ಆಮೇಲೆ ವಾಹನ, ಆಮೇಲೆ ಶಂಕುಸ್ಥಾಪನೆ. ಆ ಇಬ್ಬರು ಅದೇ ವರ್ಷ ಸೆಪ್ಟೆಂಬರಿನಲ್ಲಿ ಆಟ ಮುಗಿಸಿ ಕೊಟ್ಟರು. ಮುಂದಿನ ವರ್ಷ ಸ್ವತಂತ್ರ ಆಟಗಳ ಉತ್ಸವದಲ್ಲಿ ವಿನ್ಯಾಸಕ್ಕೊಂದು, ಜನರ ಮೆಚ್ಚುಗೆಗೊಂದು ಬಹುಮಾನ. 2014ರಲ್ಲಿ ಹೊಸ ಜನಾಂಗ, ಹೊಸ ಆಯುಧ, ಹೊಸ ಪ್ರಸಂಗಗಳನ್ನೆಲ್ಲ ಸೇರಿಸಿದ ವಿಸ್ತೃತ ಆವೃತ್ತಿ, ಅದೂ ಕೊಂಡವರಿಗೆಲ್ಲ ಪುಕ್ಕಟೆ.

ಕಥೆ? ಕಥೆ ಒಂದು ಪೋಸ್ಟ್‌ಕಾರ್ಡಿನಲ್ಲಿ ಹಿಡಿಸುತ್ತದೆ. ಒಕ್ಕೂಟದ ಸರ್ಕಾರ ಬೀಳುತ್ತಿದೆ, ಬಂಡುಕೋರರ ಪಡೆ ಬೆನ್ನು ಹತ್ತಿದೆ, ನಿಮ್ಮ ಬಳಿ ಒಂದು ರಹಸ್ಯ ಮಾಹಿತಿ ಇದೆ, ಅದನ್ನು ಎಂಟು ವಲಯ ದಾಟಿ ಒಕ್ಕೂಟದ ನೆಲೆಗೆ ಮುಟ್ಟಿಸಬೇಕು. ನಾನು ತಕ್ಷಣ ಗುರುತಿಸಿದೆ. ಇದು ಟಪಾಲು. ನೀವು ಕ್ಯಾಪ್ಟನ್ ಅಲ್ಲ, ಲಕೋಟೆ ಹಿಡಿದು ಮುಖ್ಯ ಕಚೇರಿಗೆ ಹೊರಟ ಜವಾನ. ಆಟ ಬರೆದವರು ಯಾವುದಾದರೂ ಸಚಿವಾಲಯದಲ್ಲಿ ಕೆಲಸ ಮಾಡಿದ್ದರೇನೋ ಎಂಬ ಗುಮಾನಿ ಗಟ್ಟಿಯಾಗುವುದು ಕೊನೆಯ ವಲಯದಲ್ಲಿ. ಸತ್ತು ಸುಣ್ಣವಾಗಿ, ನೌಕೆಗೆ ತೇಪೆ ಹಾಕಿ, ಲಕೋಟೆ ಮುಟ್ಟಿಸಿದರೆ, ‘ಬಹಳ ಸಂತೋಷ, ಇದರಲ್ಲಿ ಶತ್ರುವಿನ ಮಹಾನೌಕೆಯ ವಿವರ ಇದೆ, ಹೇಗೂ ಬಂದಿದ್ದೀಯಲ್ಲ, ಅದನ್ನೂ ನೀನೇ ಹೊಡೆದು ಹೋಗು’ ಅನ್ನುತ್ತಾರೆ. ಆ ಮಹಾನೌಕೆಯನ್ನು ಒಂದು ಸಲ ಹೊಡೆದರೆ ಸಾಲದು, ಮೂರು ಸಲ ಹೊಡೆಯಬೇಕು. ಮೂರು ಪ್ರತಿಗಳಲ್ಲಿ.

ಆದರೆ ಆಟದ ಜೀವ ಇರುವುದು ಟಪಾಲಿನಲ್ಲಲ್ಲ, ಲೋಡ್ ಶೆಡ್ಡಿಂಗಿನಲ್ಲಿ. ನೌಕೆಯ ರಿಯಾಕ್ಟರ್ ಕೊಡುವ ಕರೆಂಟು ಇಷ್ಟೇ. ಅದರಲ್ಲಿ ರಕ್ಷಾಕವಚ, ಎಂಜಿನ್, ಬಂದೂಕು, ದವಾಖಾನೆ, ಆಮ್ಲಜನಕ ಎಲ್ಲ ನಡೆಯಬೇಕು. ಎಲ್ಲಕ್ಕೂ ಸಾಲುವುದಿಲ್ಲ. ಶತ್ರು ಎದುರಾದಾಗ ನೀವು ಮಾಡುವುದು ಸಬ್‌ಸ್ಟೇಷನ್ನಿನ ಲೈನ್‌ಮನ್ ಮಾಡುವುದನ್ನೇ: ಇವರ ಫೀಡರ್ ತೆಗೆದು ಅವರಿಗೆ ಕೊಡು, ಐದು ನಿಮಿಷ ಬಿಟ್ಟು ಅವರದ್ದು ತೆಗೆದು ಇವರಿಗೆ ಕೊಡು. ಬಂದೂಕಿಗೆ ಒಂದು ಗೆರೆ ಕರೆಂಟು ಕಡಿಮೆ ಬಿದ್ದರೆ ಆಮ್ಲಜನಕದ ಫೀಡರ್ ತೆಗೆಯಬಹುದು, ಸಿಬ್ಬಂದಿ ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿಯುತ್ತಾರೆ. ಇಷ್ಟು ಸರಳವಾದ ಒಂದು ಕೊರತೆಯಿಂದ ಎಷ್ಟು ದೊಡ್ಡ ನಾಟಕ ಕಟ್ಟಬಹುದು ಎಂದು ತೋರಿಸಿದ ಆಟ ನನಗೆ ತಿಳಿದಂತೆ ಇನ್ನೊಂದಿಲ್ಲ. ಬೆನ್ ಪ್ರಂಟಿಯ ಸಂಗೀತ ಹಿನ್ನೆಲೆಯಲ್ಲಿ ತಣ್ಣಗೆ ಹರಿಯುತ್ತಿರುತ್ತದೆ, ಮುಂದೆ ನಿಮ್ಮ ಎಂಜಿನ್ ಕೋಣೆ ಉರಿಯುತ್ತಿರುತ್ತದೆ.

ಉರಿಯನ್ನು ಆರಿಸುವ ಉಪಾಯವೂ ಚಂದ. ನೌಕೆಯ ಹೊರಬಾಗಿಲು ತೆರೆದುಬಿಡುವುದು. ಗಾಳಿಯೆಲ್ಲ ಶೂನ್ಯಕ್ಕೆ ಸೋರಿ ಹೋಗಿ ಬೆಂಕಿ ಆರುತ್ತದೆ. ಕೋಣೆಯೊಳಗೆ ನಿಮ್ಮವನು ಯಾರಾದರೂ ಇದ್ದರೆ ಅವನೂ ಆರುತ್ತಾನೆ.

ಸಿಬ್ಬಂದಿಯಲ್ಲಿ ಹಲವು ಜನಾಂಗ. ಎಂಗಿಗಳು ರಿಪೇರಿಯಲ್ಲಿ ನಿಸ್ಸೀಮರು, ಜಗಳಕ್ಕೆ ಬಾರರು. ಮ್ಯಾಂಟಿಸ್‌ಗಳು ಹೊಡೆದಾಟಕ್ಕೆ ಹುಟ್ಟಿದವರು, ಸ್ಕ್ರೂಡ್ರೈವರ್ ಹಿಡಿಯಲು ಬಾರದು. ಜೋಲ್ಟಾನರ ಮೈಯಿಂದಲೇ ಕರೆಂಟು ಬರುತ್ತದೆ. ಬಂಡೆಮನುಷ್ಯರಿಗೆ ಬೆಂಕಿ ತಾಗದು, ಆದರೆ ನಡೆಯುವ ವೇಗ ನಮ್ಮ ದಾಖಲೆ ಕೋಣೆಯ ಹಿರಿಯ ಸಹಾಯಕರದ್ದು. ಮನುಷ್ಯರಿಗೆ? ಮನುಷ್ಯರಿಗೆ ಹೇಳಿಕೊಳ್ಳುವಂಥ ಯಾವ ವಿಶೇಷವೂ ಇಲ್ಲ, ಅಗ್ಗಕ್ಕೆ ಸಿಗುತ್ತಾರೆ. ವಿಜ್ಞಾನ ಕಥೆಯೊಂದು ಮನುಷ್ಯನ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಬರೆದದ್ದನ್ನು ನಾನು ಓದಿಲ್ಲ.

ಈಗ ಎರಡನೆಯ ಬಿಡ್‌ದಾರರು. ಕ್ರೈಯಿಂಗ್ ಸನ್ಸ್ ಮಾಡಿದವರು ಫ್ರಾನ್ಸಿನ ಮೊಂಪೆಲಿಯೆ ಊರಿನ ಆಲ್ಟ್ ಶಿಫ್ಟ್. ಎಫ್‌ಟಿಎಲ್‌ನ ಋಣವನ್ನು ಇವರ ಆಟ ಅಡಗಿಸುವುದಿಲ್ಲ, ಅಡಗಿಸಲು ಆಗುವುದೂ ಇಲ್ಲ. ಚುಕ್ಕಿ ಚುಕ್ಕಿ ಹಾರಾಟ, ಗುಜರಿ, ಇಂಧನದ ಗೋಳು ಎಲ್ಲ ಅದೇ. ಆದರೆ ಅಲ್ಲಿ ಪೋಸ್ಟ್‌ಕಾರ್ಡಿನಲ್ಲಿದ್ದ ಕಥೆ ಇಲ್ಲಿ ಆರು ಅಧ್ಯಾಯದ ಕಾದಂಬರಿಯಾಗಿದೆ. ಮನುಷ್ಯಕುಲದ ದೊಡ್ಡ ಸಾಮ್ರಾಜ್ಯ. ಓಮ್ನಿ ಎಂಬ ದೇವರಂಥ ಯಂತ್ರಗಳು ಎಲ್ಲ ಕೆಲಸವನ್ನೂ ಮಾಡುತ್ತಿದ್ದವು. ಎಷ್ಟೋ ಕಾಲ ಹಾಗೆ ನಡೆದು ಜನರಿಗೆ ಯಾವ ಕೆಲಸವನ್ನೂ ಮಾಡಲು ಬಾರದಂತಾಯಿತು. ಒಂದು ದಿನ ಯಂತ್ರಗಳೆಲ್ಲ ಒಟ್ಟಿಗೆ ನಿಂತವು. ಸಾಮ್ರಾಜ್ಯ ಕುಸಿಯಿತು.

ಇದನ್ನು ಓದಿ ವಿಮರ್ಶಕರು ಅಸಿಮೋವ್ ನೆನಪಾದ, ‘ಡ್ಯೂನ್’ ನೆನಪಾಯಿತು ಎಂದು ಬರೆಯುತ್ತಾರೆ. ಆಟ ಮಾಡಿದವರೂ ಅವೆರಡನ್ನು ಸ್ಫೂರ್ತಿಯೆಂದು ಒಪ್ಪಿಕೊಂಡಿದ್ದಾರೆ. ನನಗೆ ನೆನಪಾದದ್ದು ಕಳೆದ ಮಂಗಳವಾರ. ಮನೆಯ ಕಾಗದವೊಂದಕ್ಕೆ ಒಂದು ಕಚೇರಿಗೆ ಹೋಗಿದ್ದೆ, ಹೆಸರು ಬೇಡ. ಕೌಂಟರಿನಾಚೆ ಆರು ಜನ ಕೂತಿದ್ದರು. ಪೆನ್ನು ಇತ್ತು, ಕಾಗದ ಇತ್ತು, ಮೊಹರು ಇತ್ತು, ಇಂಕು ಪ್ಯಾಡಿನಲ್ಲಿ ಇಂಕೂ ಇತ್ತು. “ಸರ್ವರ್ ಡೌನ್ ಸಾರ್” ಅಂದರು. ಯಾವಾಗ ಬರುತ್ತದೆ ಅಂದರೆ ಮೇಲೆ ನೋಡಿದರು, ಸೀಲಿಂಗ್ ಫ್ಯಾನಿನ ಕಡೆ, ಅದರಾಚೆ ಇರಬಹುದಾದ ಯಾವುದೋ ಓಮ್ನಿಯ ಕಡೆ. ಹೊರಗೆ ನೂರು ಜನ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು. ಸಾಮ್ರಾಜ್ಯಗಳು ಕುಸಿಯುವಾಗ ಸದ್ದೇನೂ ಆಗುವುದಿಲ್ಲ, ‘ಊಟ ಆದ್ಮೇಲೆ ಬನ್ನಿ’ ಅಂತಾರೆ ಅಷ್ಟೆ. ಆ ಫ್ರೆಂಚರು ಇಲ್ಲಿಗೆ ಬಂದು ನೋಡಿ ಹೋಗಿದ್ದರೋ ಏನೋ.

ಈ ಕುಸಿದ ಸಾಮ್ರಾಜ್ಯದಲ್ಲಿ ನೀವು ಅಡ್ಮಿರಲ್ ಎಲಿಸ್ ಐಡಹೊ. ಅಂದರೆ ಎಲಿಸ್ ಐಡಹೊವಿನ ನಕಲು. ಗೆಹೆನ್ನಾ ಎಂಬ ಗ್ರಹದ ಗುಪ್ತ ನೆಲೆಯಲ್ಲಿ, ನಿಲ್ಲದೆ ಉಳಿದ ಕ್ಯಾಲಿಬನ್ ಎಂಬ ಯಂತ್ರ ನಿಮ್ಮನ್ನು ಎಬ್ಬಿಸಿ, ‘ಎದ್ದೇಳಿ, ಮಾನವಕುಲ ಉಳಿಸಬೇಕಾಗಿದೆ’ ಅನ್ನುತ್ತದೆ. ನೀವು ಹೋಗಿ ಸಾಯುತ್ತೀರಿ. ಕ್ಯಾಲಿಬನ್ ಇನ್ನೊಂದು ನಕಲನ್ನು ಎಬ್ಬಿಸುತ್ತದೆ. ‘ಡ್ಯೂನ್’ ಸರಣಿ ಓದಿದವರಿಗೆ ಐಡಹೊ ಎಂಬ ಹೆಸರು ಕೇಳಿದೊಡನೆ ನಗು ಬರುತ್ತದೆ, ಅಲ್ಲಿಯೂ ಆ ಹೆಸರಿನವನು ಸತ್ತು ಸತ್ತು ಮತ್ತೆ ತಯಾರಾಗಿ ಬರುತ್ತಲೇ ಇರುತ್ತಾನೆ.

ಯುದ್ಧದ ಕ್ರಮ ಬೇರೆ. ಎರಡು ದೊಡ್ಡ ನೌಕೆಗಳ ನಡುವೆ ಜೇನುಗೂಡಿನಂಥ ಆರು ಮೂಲೆಯ ಮನೆಗಳ ಹಾಸು. ಅದರ ಮೇಲೆ ನಿಮ್ಮ ಪುಟ್ಟ ವಿಮಾನಗಳ ತುಕಡಿ ಬಿಡಬೇಕು, ಇದು ಅದನ್ನು ಹೊಡೆಯುತ್ತದೆ, ಅದು ಇನ್ನೊಂದನ್ನು, ಇನ್ನೊಂದು ಇದನ್ನು. ಕಲ್ಲು, ಕಾಗದ, ಕತ್ತರಿ. ನೋಡಲು ಬಲು ಸೊಗಸು. ಆದರೆ ನಾಲ್ಕನೆಯ ಯುದ್ಧಕ್ಕೆ ಬರುವ ಹೊತ್ತಿಗೆ ಮೂರನೆಯದು ಯಾವುದು ಎಂದು ಬೇರ್ಪಡಿಸಿ ಹೇಳಲು ಕಷ್ಟ. ನೌಕೆಯ ಒಳಗೆ ಏನೂ ಆಗುವುದಿಲ್ಲ ಎಂಬುದೇ ಕೊರಗು. ಯಾರೂ ಉಸಿರುಕಟ್ಟಿ ಓಡಾಡುವುದಿಲ್ಲ, ಬಾಗಿಲು ತೆರೆಯುವ ಪಾಪ ಮಾಡಬೇಕಾಗಿಲ್ಲ. ಗ್ರಹಗಳಿಗೆ ಕಮಾಂಡೊ ತುಕಡಿ ಕಳಿಸಬಹುದು. ಕಳಿಸಿ ಏನು ಮಾಡುತ್ತೀರಿ? ನೋಡುತ್ತೀರಿ. ಅವರು ಒಂದು ಗೆರೆಯ ಮೇಲೆ ಮುಂದೆ ಹೋಗುತ್ತಾರೆ, ಅಪಾಯ ಬಂದಾಗ ಅಧಿಕಾರಿಗೆ ತಕ್ಕ ಪರಿಣತಿ ಇದ್ದರೆ ಉಳಿಯುತ್ತಾರೆ, ಇಲ್ಲವಾದರೆ ಒಬ್ಬ ಕಡಿಮೆಯಾಗುತ್ತಾನೆ. ಕ್ಷೇತ್ರ ಭೇಟಿಯ ವರದಿಯನ್ನು ಕುರ್ಚಿಯಲ್ಲಿ ಕೂತು ಓದುವ ಸಾಹೇಬರ ಸುಖ ಇದು. ನನಗೆ ಆ ಸುಖದ ಆಸೆ ಇರಲಿಲ್ಲ ಅನ್ನಲಾರೆ.

ಮಾತು ಮಾತ್ರ ಬಹಳ ಚೆನ್ನಾಗಿದೆ. ಕ್ಯಾಲಿಬನ್ನಿಗೂ ಐಡಹೊಗೂ ನಡೆಯುವ ಸಂವಾದ ಕೇಳುತ್ತಿದ್ದರೆ, ಅಂದರೆ ಓದುತ್ತಿದ್ದರೆ, ಇನ್ನೂ ಸ್ವಲ್ಪ ಇರಲಿ ಅನ್ನಿಸುತ್ತದೆ. ನಮ್ಮಾಕೆ ಹಿಂದಿನಿಂದ ಬಂದು ನಿಂತು, ಯಾರೋ ಆಡಿ ತೋರಿಸಿದ ವಿಡಿಯೊವನ್ನು ಹದಿನೈದು ನಿಮಿಷ ನೋಡಿದಳು. ಬಾಲ್ಯವೆಲ್ಲ ತಾಳಮದ್ದಳೆಯ ಚಾಪೆಯ ಮೇಲೆ ಕಳೆದವಳು. “ಇದರಲ್ಲಿ ಅರ್ಥಗಾರಿಕೆ ಉಂಟು” ಅಂದಳು. “ಆದರೆ ಪ್ರಸಂಗ ಒಂದೇ ಅಲ್ವಾ? ತೊಡೆ ಮುರಿದು ಬಿದ್ದವ ಮತ್ತೆ ಎದ್ದು ಅದೇ ಅರ್ಥ ಹೇಳಿದರೆ ಎರಡನೇ ಸಲ ಯಾರು ಕೂತುಕೊಳ್ತಾರೆ?”

ಹನ್ನೊಂದು ದಿನದಲ್ಲಿ ನಾನು ಓದಿದ ವಿಮರ್ಶೆಗಳ ಒಟ್ಟು ಸಾರವನ್ನು ಅವಳು ಹದಿನೈದು ನಿಮಿಷಕ್ಕೆ ಹೇಳಿ ಒಳಗೆ ಹೋದಳು. ಕ್ರೈಯಿಂಗ್ ಸನ್ಸ್‌ನ ದೊಡ್ಡ ಗುಣವೂ ದೊಡ್ಡ ದೋಷವೂ ಅದೇ. ಕಥೆಯಿದೆ. ಕಥೆ ಮುಗಿಯುತ್ತದೆ. ಮುಗಿದ ಮೇಲೆ ಮತ್ತೆ ಮತ್ತೆ ಸಾಯುವುದಕ್ಕೆ ಕಾರಣ ಉಳಿಯುವುದಿಲ್ಲ. ಮತ್ತೆ ಮತ್ತೆ ಸಾಯುವುದೇ ಧರ್ಮವಾಗಿರುವ ಪಂಗಡದಲ್ಲಿ ಅದು ಸಣ್ಣ ಮಾತಲ್ಲ.

ಎರಡೂ ಹೆಚ್ಚುಕಮ್ಮಿ ಒಂದೇ ಅಂದಿದ್ದ ಅಕ್ಕನ ಮಗನನ್ನು ಈ ಘಟ್ಟದಲ್ಲಿ ನಾನು ಒಪ್ಪುವುದನ್ನು ಬಿಟ್ಟೆ. ಇವೆರಡೂ ಒಂದೇ ಅನ್ನುವುದು, ಜನಿವಾರ ನೋಡಿ ಎಲ್ಲರೂ ಒಂದೇ ಮಠದವರು ಅನ್ನುವಂತೆ. ಮೇಲುನೋಟಕ್ಕೆ ನೌಕೆ, ಗುಜರಿ, ಚುಕ್ಕಿ. ಒಳಗೆ ಸಿದ್ಧಾಂತವೇ ಬೇರೆ. ಕ್ರೈಯಿಂಗ್ ಸನ್ಸ್ ಪುನರ್ಜನ್ಮ ನಂಬುತ್ತದೆ. ಸತ್ತರೆ ಇನ್ನೊಂದು ದೇಹ, ಅದೇ ಅಧ್ಯಾಯದ ಆರಂಭ. ದಾಟಿದ ಅಧ್ಯಾಯ ದಾಟಿದಂತೆಯೇ, ಪುಣ್ಯ ಕರಗುವುದಿಲ್ಲ. ಎಲ್ಲೋ ಒಬ್ಬ ಕ್ಯಾಲಿಬನ್ ನಿಮಗಾಗಿ ಕಾಯುತ್ತಿರುತ್ತಾನೆ. ಎಫ್‌ಟಿಎಲ್ ಚಾರ್ವಾಕರದ್ದು. ಸುಟ್ಟು ಬೂದಿಯಾದ ನೌಕೆಗೆ ಎಲ್ಲಿಯ ಮರುಹುಟ್ಟು? ಏಳು ವಲಯ ದಾಟಿ ಎಂಟನೆಯದರಲ್ಲಿ ಸತ್ತರೂ ಒಂದನೆಯ ವಲಯ, ಹೊಸ ಹಡಗು, ಹೊಸ ಹೆಸರಿನ ಮೂವರು ಮನುಷ್ಯರು. ಹಳಬರು ಯಾರೆಂದು ಅವರಿಗೆ ಗೊತ್ತೇ ಇಲ್ಲ. ಗೆದ್ದು ಸಂಪಾದಿಸಿದ ಹೊಸ ಮಾದರಿಯ ಹಡಗುಗಳು ಮಾತ್ರ ನಿಮ್ಮವಾಗಿ ಉಳಿಯುತ್ತವೆ, ತಾತ ಸತ್ತರೂ ಮನೆ ಉಳಿದ ಹಾಗೆ. ತಾತ ಬರುವುದಿಲ್ಲ.

ನಾನು ಹುಟ್ಟಿದ ಮನೆತನಕ್ಕೂ ಮಾಡುವ ಕೆಲಸಕ್ಕೂ ಒಪ್ಪುವುದು ಮೊದಲನೆಯ ಸಿದ್ಧಾಂತವೇ. ಸರ್ಕಾರಿ ಕಡತಕ್ಕೆ ಸಾವಿಲ್ಲ, ವಿಲೇವಾರಿಯಾದದ್ದೂ ಹೊಸ ಸಂಖ್ಯೆ ಹೊತ್ತು ಮತ್ತೆ ಮೇಜಿಗೆ ಬರುತ್ತದೆ. ಆದರೂ ನಿಜ ಹೇಳಬೇಕು. ಮೂವತ್ತು ವರ್ಷದಲ್ಲಿ ನನ್ನ ಸಹಿ ಎಷ್ಟು ಸಾವಿರ ಹಾಳೆಯ ಮೇಲಿದೆಯೋ, ಅದರಲ್ಲಿ ಒಂದರಲ್ಲೂ ನಿರ್ಧಾರ ನನ್ನದಿಲ್ಲ. ಹಾಗೆ ಇರದಂತೆ ನೋಡಿಕೊಳ್ಳುವುದೇ ನನ್ನ ಕೌಶಲ, ಅದಕ್ಕಾಗಿಯೇ ಬಡ್ತಿ ಬಂದದ್ದು. ಎಫ್‌ಟಿಎಲ್‌ನಲ್ಲಿ ಒಂದು ಪ್ರಸಂಗ ಇದೆ, ಆಡಿದವರೆಲ್ಲ ಬಲ್ಲರು: ಒಂದು ಅಂತರಿಕ್ಷ ನೆಲೆಗೆ ದೈತ್ಯ ಜೇಡಗಳು ನುಗ್ಗಿವೆ, ಜನ ಕೂಗುತ್ತಿದ್ದಾರೆ, ನಿಮ್ಮವರನ್ನು ಕಳಿಸುತ್ತೀರೋ ಇಲ್ಲವೋ? ಕಳಿಸಿದರೆ ಬಹುಮಾನವೂ ಸಿಗಬಹುದು, ಒಬ್ಬ ಸತ್ತೂ ಹೋಗಬಹುದು. ಮೇಲಧಿಕಾರಿಗಳ ಆದೇಶಕ್ಕೆ ಮಂಡಿಸಲು ಗುಂಡಿ ಇಲ್ಲ. ಹಿಂದಿನ ನಿದರ್ಶನ ಹುಡುಕುವುದಕ್ಕೆ ದಾಖಲೆ ಕೋಣೆ ಇಲ್ಲ. ಸತ್ತವನ ಹೆಸರಿನ ಮುಂದೆ ಬರುವುದು ನಿಮ್ಮದೊಂದೇ ಸಹಿ.

ಆದ್ದರಿಂದ ತೀರ್ಪು: ಒಂದೇ ಕೊಳ್ಳುವುದಾದರೆ ಎಫ್‌ಟಿಎಲ್. ಕಾದಂಬರಿ ಓದಿ ಮುಗಿಸುವ ತೃಪ್ತಿ ಬೇಕು, ಸಂಜೆ ಕೂತು ಯಾರಾದರೂ ಕಥೆ ಹೇಳಲಿ, ನೋಡುವುದಕ್ಕೂ ಚಂದ ಇರಲಿ ಅನ್ನುವವರು ಕ್ರೈಯಿಂಗ್ ಸನ್ಸ್ ತಗೊಳ್ಳಿ, ಮೋಸವಿಲ್ಲ, ಒಂದು ಸಲಕ್ಕೆ ಅದು ಒಳ್ಳೆಯ ಪ್ರಸಂಗ. ಆದರೆ ಏಳು ವರ್ಷ ತಡವಾಗಿ ಬಂದ ನಕಲು ಮೂಲಕ್ಕಿಂತ ನಾಜೂಕಾಗಿ ಮಾತಾಡಿದ ಮಾತ್ರಕ್ಕೆ ಮೂಲಕ್ಕಿಂತ ದೊಡ್ಡದಾಗುವುದಿಲ್ಲ.

ತೀರ್ಪನ್ನು ಷರಾ ಸಮೇತ ಬರೆದು, ದಿನಾಂಕ ಹಾಕಿ, ಕೊಳ್ಳಲು ಅಂಗಡಿ ತೆರೆದೆ. ರಿಯಾಯಿತಿ ಮಾರಾಟ ಹಿಂದಿನ ರಾತ್ರಿಯೇ ಮುಗಿದಿತ್ತು.

ಎಫ್‌ಟಿಎಲ್‌ನಲ್ಲಿ ಬಂಡುಕೋರರ ಪಡೆ ನಕಾಶೆಯ ಎಡಗಡೆಯಿಂದ ಕೆಂಪಾಗಿ ಹಬ್ಬುತ್ತ ಬರುತ್ತದೆ, ನೀವು ಒಂದೊಂದು ಹಾರಿದಾಗಲೂ ಅದು ಒಂದಿಷ್ಟು ಮುಂದೆ. ಎಲ್ಲ ಚುಕ್ಕಿಯನ್ನೂ ನೋಡಿಯೇ ಹೋಗುತ್ತೇನೆ ಅನ್ನುವವನನ್ನು ನಡುದಾರಿಯಲ್ಲಿ ನುಂಗುತ್ತದೆ. ನಾನು ಆಟ ಕೊಳ್ಳುವ ಮೊದಲೇ ಒಂದು ಸಲ ಸತ್ತಿದ್ದೆ.

ಪೂರ್ತಿ ಬೆಲೆ ಕೊಟ್ಟೆ. ನಮ್ಮಾಕೆ ಆಕ್ಷೇಪಣೆ ಎತ್ತಿದ್ದಾಳೆ, ಉತ್ತರ ಸಿದ್ಧವಾಗುತ್ತಿದೆ. ಹಡಗಿನ ಹೆಸರು ಕೆಸ್ಟ್ರೆಲ್, ನಾನು ಅಳಿಸಿ ‘ಟಪಾಲು’ ಎಂದು ಇಟ್ಟೆ. ಮೂವರು ಸಿಬ್ಬಂದಿಗೆ ನಮ್ಮ ಶಾಖೆಯವರ ಹೆಸರು. ಎರಡನೆಯ ವಲಯದಲ್ಲಿ ಬಂದೂಕಿನ ಕೋಣೆಗೆ ಬೆಂಕಿ ಬಿತ್ತು, ಹೊರಬಾಗಿಲು ತೆರೆದೆ, ಬೆಂಕಿ ಆರಿತು. ಒಳಬಾಗಿಲುಗಳೂ ತೆರೆದಿದ್ದವು ಎಂಬುದು ಮೂವರೂ ಬಿದ್ದ ಮೇಲೆ ಗೊತ್ತಾಯಿತು. ಸ್ಪೇಸ್‌ಬಾರ್ ಒತ್ತಿ ಆಟ ನಿಲ್ಲಿಸಿ, ಪೂರ್ತಿ ಇಪ್ಪತ್ತು ನಿಮಿ‍ಷ ಯೋಚಿಸಿ, ಕಾಫಿ ಕುಡಿದು ಬಂದು, ಆಮೇಲೆಯೇ ತೆರೆದಿದ್ದೆ.